ಕಂಕುಳಲ್ಲಿ ಕಡಿವಾಣ

ಕುದುರೆ ಕಂಡರೆ ಕಾಲುನೋವು ಅಂತಾರೆ. ನನಗೆ ಕುದುರೆ ಕಂಡರೆ ಏನೂ ಆಗುವುದಿಲ್ಲ. ಥರ್ಮಾಮೀಟರ್ ಕಂಡರೆ ಮಾತ್ರ ಕಾಲುನೋವು, ಸೊಂಟನೋವು, ಗಂಟಲಲ್ಲಿ ಕಿಚಕಿಚ ಎಲ್ಲ ಸಾಲಾಗಿ ಬಂದು ಹಾಜರಿ ಹಾಕುತ್ತವೆ. ಬೇಸಿಗೆಯಲ್ಲಿ ಸೂರ್ಯನಿಗಿಂತ ಮೊದಲೆದ್ದು ಲಾಯದ ಬಾಗಿಲು ತಟ್ಟುತ್ತಿದ್ದ ನಾನು, ಪಾದರಸ ಸೊನ್ನೆಯ ಆಸುಪಾಸಿಗೆ ಇಳಿದ ದಿನದಿಂದ ಹೊದಿಕೆಯೊಳಗೇ ತತ್ವಜ್ಞಾನಿಯಾಗುತ್ತೇನೆ. ಸವಾರಿ ಎಂದರೇನು? ಮನುಷ್ಯ ಯಾಕಾಗಿ ಇನ್ನೊಂದು ಪ್ರಾಣಿಯ ಬೆನ್ನೇರಬೇಕು? ಇಂಥ ಘನವಾದ ಪ್ರಶ್ನೆಗಳು ಮೇ ತಿಂಗಳಲ್ಲಿ ಒಮ್ಮೆಯೂ ಬಂದದ್ದಿಲ್ಲ.

ಚಳಿಗಾಲದಲ್ಲೂ ಸವಾರಿ ಮುಂದುವರಿಸುವುದೋ, ಬಿಸಿಲು ಬರುವ ತನಕ ಬೂಟು ಅಟ್ಟಕ್ಕೆ ಹಾಕುವುದೋ ಎಂದು ನಾನು ಯೋಚಿಸುತ್ತಿರುವುದು ಇದು ಮೂರನೇ ವರ್ಷ. ಮೊದಲೆರಡು ವರ್ಷ ಯೋಚಿಸಿ ಮುಗಿಸುವಷ್ಟರಲ್ಲಿ ಚಳಿಗಾಲವೇ ಮುಗಿದಿತ್ತು.

ಕುದುರೆಯ ಪರಿಚಯ ಹೇಳಬೇಕು. ಹೆಸರು ಸಹನಾ. ಅದು ಅವಳ ಗುಣವಲ್ಲ, ಅವಳ ಮೇಲೆ ಕೂರುವವರಿಗೆ ಇರಬೇಕಾದ ಅರ್ಹತೆ. ಕಂದು ಬಣ್ಣ, 450 ಕಿಲೋ, ಹಣೆಯಲ್ಲಿ ಬಿಳಿ ನಾಮ. ಅವಳು ನನ್ನವಳಲ್ಲ. ಲಾಯದ ಯಜಮಾನರ ಕುದುರೆ. ವಾರಕ್ಕೆ ಮೂರು ದಿನ ನನ್ನನ್ನು ಹೊತ್ತು ತಿರುಗಬೇಕೆಂದು ಒಪ್ಪಂದ. ಒಪ್ಪಂದವಾಗಿರುವುದು ನನಗೂ ಯಜಮಾನರಿಗೂ. ಸಹನಾ ಇನ್ನೂ ಸಹಿ ಹಾಕಿಲ್ಲ.

ಈ ಸಲ ನಾನು ಆರಿಸಿಕೊಂಡ ನೆಪ ಕರುಣೆ.

“ಪಾಪ ಕಣೇ, ಮೂಕಪ್ರಾಣಿ. ಅದಕ್ಕೂ ಚಳಿ ಆಗಲ್ವಾ? ನಾನು ಬಿಸಿ ಬಟ್ಟೆ ಹಾಕ್ಕೊಂಡು ಹೋಗಿ ಅದರ ಬೆನ್ನ ಮೇಲೆ ಕೂತರೆ ದೇವರು ಮೆಚ್ಚುತ್ತಾನಾ?” ಎಂದೆ ಮನೆಯಲ್ಲಿ.

“ದೇವರ ವಿಷಯ ಗೊತ್ತಿಲ್ಲ ಕಣ್ರೀ. ಕುದುರೆಯನ್ನೇ ಒಂದು ಮಾತು ಕೇಳ್ಕೊಂಡು ಬನ್ನಿ” ಎಂದಳು ಹೆಂಡತಿ. ಕೇಳಲು ಹೋದರೆ ಸಹನಾ ಬಯಲಲ್ಲಿ ನಿಂತಿದ್ದಳು. ಸೂರಿನಡಿ ಅಲ್ಲ, ಬಯಲಲ್ಲಿ. ಸೂರು ಹತ್ತೇ ಹೆಜ್ಜೆ ದೂರದಲ್ಲಿ ಖಾಲಿ ಬಿದ್ದಿತ್ತು. ಅವಳ ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೇ ಕೂತಿತ್ತು.

“ನೋಡಿ, ಹಿಮ ಹೆಪ್ಪುಗಟ್ಟಿದೆ, ಎಷ್ಟು ತಣ್ಣಗಿರಬೇಕು ಮೈ!” ಎಂದೆ ಯಜಮಾನರಿಗೆ.

ಅವರು ಮಾತಾಡಲಿಲ್ಲ. ನನ್ನ ಕೈಗವಸು ಕಿತ್ತು, ಕೈಯನ್ನು ಹಿಡಿದುಕೊಂಡು ಹೋಗಿ ಸಹನಾಳ ಕತ್ತಿನ ಜೂಲಿನ ಕೆಳಗೆ ತುರುಕಿದರು. ಒಳಗೆ ಬೆಚ್ಚಗೆ ಒಲೆಯ ಪಕ್ಕ ಇಟ್ಟ ಹಾಗಿತ್ತು. ಮೈಯ ಬಿಸಿ ಹೊರಗೆ ಸೋರುತ್ತಿದ್ದರೆ ಹಿಮ ಕರಗುತ್ತಿತ್ತು ಸಾರ್, ಸೋರುತ್ತಿಲ್ಲ, ಅದಕ್ಕೇ ಕೂತಿದೆ ಎಂದರು. ಹಗಲು ಕುಗ್ಗತೊಡಗಿದಾಗಲೇ, ಅಂದರೆ ನಾನು ಇನ್ನೂ ಅರ್ಧ ತೋಳಿನ ಅಂಗಿಯಲ್ಲಿ ತಿರುಗುತ್ತಿದ್ದಾಗಲೇ, ಇವಳ ಮೈ ಬೆಳಕಿನ ಲೆಕ್ಕ ಹಿಡಿದು ದಪ್ಪ ಕೂದಲಿನ ತಯಾರಿ ಶುರು ಮಾಡಿತ್ತಂತೆ. ಚಳಿ ಹೆಚ್ಚಾದರೆ ಆ ಕೂದಲು ನೆಟ್ಟಗೆ ನಿಂತು ಗಾಳಿಯನ್ನು ಹಿಡಿದಿಡುತ್ತದೆ. ಒಳಗೊಂದು ಹೀಟರ್ ಬೇರೆ. ತಿಂದ ಒಣಹುಲ್ಲು ದೊಡ್ಡಕರುಳಲ್ಲಿ ಹುದುಗುತ್ತಾ ದಿನವಿಡೀ ಶಾಖ ಕೊಡುತ್ತದೆ. ಮೈ ಒದ್ದೆಯಾಗದೆ, ಗಾಳಿ ಜೋರಿಲ್ಲದೆ, ಹೊಟ್ಟೆ ತುಂಬ ಹುಲ್ಲಿದ್ದರೆ ಇಂಥ ಕುದುರೆ ಸೊನ್ನೆಗಿಂತ ಕೆಳಗೆ ಸುಮಾರು 15 ಡಿಗ್ರಿವರೆಗೂ ಜಗ್ಗುವುದಿಲ್ಲ. ಅವುಗಳಿಗೆ ಆಗದಿರುವುದು ಮಳೆ ಮತ್ತು ಗಾಳಿ ಜೋಡಿಯಾಗಿ ಬಂದಾಗ. ಕೂದಲು ನೆನೆದು ಮೈಗಂಟಿದರೆ ಹಿಡಿದಿಟ್ಟ ಗಾಳಿಯೆಲ್ಲ ಹೋಯಿತು.

“ಬೇಸಿಗೆಯೇ ಇವಕ್ಕೆ ಕಷ್ಟ ಸಾರ್. ಆವಾಗ ನೀವು ದಿನಾ ಬರ್ತಿದ್ರಲ್ಲ” ಎಂದರು ಯಜಮಾನರು. ಕರುಣೆ ಅಲ್ಲಿಗೆ ಮುಗಿಯಿತು.

ಮುಂದಿನ ನೆಪವನ್ನು ಗಣಿತದಲ್ಲಿ ಹುಡುಕಿದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ 20 ಶೇಕಡಾ ಮೀರಬಾರದು ಎಂದು ಸವಾರರ ನಡುವೆ ಒಂದು ರೂಢಿಯ ಲೆಕ್ಕವಿದೆ. ಸಹನಾಳ 450ರಲ್ಲಿ 20 ಶೇಕಡಾ ಅಂದರೆ 90 ಕಿಲೋ. ನಾನು 78, ಜೀನು 8. ಚಳಿಗಾಲದ ಕೋಟು, ಬೂಟು, ಸ್ವೆಟರು, ಒಳಗಿನ ಉಣ್ಣೆ ಬಟ್ಟೆ ಎಲ್ಲ ಕಟ್ಟಿ ತೂಗಿದರೆ 4. ಒಟ್ಟು ಸರಿಯಾಗಿ 90. ಇನ್ನು ಉಸಿರೆಳೆದುಕೊಂಡರೂ ನಿಯಮಭಂಗ! ಖುಷಿಯಿಂದ ಚೀಟಿ ಹಿಡಿದು ಓಡಿದೆ. ಯಜಮಾನರು ಚೀಟಿ ನೋಡಿ, ನನ್ನ ಹೊಟ್ಟೆ ನೋಡಿ, “ಹಾಗಾದರೆ ಲಾಯದವರೆಗೆ ನಡೆದುಕೊಂಡೇ ಬನ್ನಿ ಸಾರ್, ಎರಡು ಕಿಲೋ ಇಳಿಯುತ್ತೆ” ಎಂದರು. ನನ್ನ ಬಾಯಿ ನನಗೇ ವೈರಿ.

ಹೀಗೆ ನೆಪಗಳೆಲ್ಲ ತೀರಿ ನಾನು ಸವಾರಿಗೇ ಇಳಿದ ಮೇಲೆ, ಅಪಘಾತಗಳ ಕಾಲ ಶುರುವಾಯಿತು.

ಮೊದಲನೆಯದು ಕಾಲುಚೀಲದಿಂದ. ಒಂದು ಜೊತೆ ಬೆಚ್ಚಗಿದ್ದರೆ ಎರಡು ಜೊತೆ ಇನ್ನೂ ಬೆಚ್ಚಗಲ್ಲವೇ? ಅಲ್ಲ. ಬೂಟು ಬಿಗಿಯಾಗಿ ರಕ್ತ ಓಡದೆ ಹತ್ತು ನಿಮಿಷಕ್ಕೇ ಬೆರಳುಗಳು ಇವೆಯೋ ಇಲ್ಲವೋ ತಿಳಿಯದಂತಾದವು. ಮರುದಿನ ಅದಕ್ಕೇ ಒಂದು ಅಳತೆ ದೊಡ್ಡದಾದ, ಹಿಮದಲ್ಲಿ ನಡೆಯುವ ದಪ್ಪ ಬೂಟು ಹಾಕಿಕೊಂಡು ಹೋದೆ. ರಿಕಾಪಿಗೆ, ಅಂದರೆ ಜೀನಿನಿಂದ ನೇತಾಡುವ ಕಾಲಿಡುವ ಬಳೆಗೆ, ಕಾಲು ಸ್ವಲ್ಪ ಒತ್ತಿ ಹಾಕಬೇಕಾಯಿತು, ಅಷ್ಟೇ. ಇಳಿಯುವಾಗ ಗೊತ್ತಾಯಿತು. ಬಲಗಾಲು ಸೊಗಸಾಗಿ ನೆಲಕ್ಕೆ ಬಂತು. ಎಡಗಾಲು ರಿಕಾಪಿನಲ್ಲೇ ಸಿಕ್ಕಿಕೊಂಡಿತು. ಸಹನಾ ಅಷ್ಟರಲ್ಲಿ ಹುಲ್ಲಿನ ರಾಶಿ ಕಂಡು ಹೊರಟಳು. ನಾನು ಅವಳ ಪಕ್ಕದಲ್ಲಿ ಒಂಟಿಗಾಲಲ್ಲಿ ಕುಂಟಾಬಿಲ್ಲೆ ಆಡುತ್ತಾ, ನಿಲ್ಲು ತಾಯಿ, ನಿಲ್ಲು ತಾಯಿ ಎನ್ನುತ್ತಾ, ಇಡೀ ಅಂಗಳ ದಾಟಿದೆ. ಅವಳು ಓಡದೆ ನಡೆದದ್ದು ನನ್ನ ಪುಣ್ಯ. ಯಜಮಾನರು ಆ ದಿನ ನಗಲಿಲ್ಲ. ಕಾಲು ಸಿಕ್ಕಿಕೊಂಡು ಕುದುರೆ ಎಳೆದುಕೊಂಡು ಹೋದರೆ ಜೀವಕ್ಕೇ ಅಪಾಯ, ಬೂಟಿನ ಎರಡೂ ಬದಿ ರಿಕಾಪಿನಲ್ಲಿ ಒಂದೊಂದು ಬೆರಳು ಆಡುವಷ್ಟು ಜಾಗ ಇರಲೇಬೇಕು ಎಂದು ಬೈದರು. ಜೊತೆಗೆ, ಹೆಲ್ಮೆಟ್ಟಿನ ಒಳಗೆ ನಾನು ಹಾಕಿಕೊಂಡಿದ್ದ ಉಣ್ಣೆ ಟೋಪಿಯನ್ನೂ ಕಿತ್ತುಕೊಂಡರು. ಅದರಿಂದಾಗಿ ಹೆಲ್ಮೆಟ್ಟು ತಲೆಗೆ ಕೂರದೆ ಕೊಡದ ಮೇಲಿನ ತಟ್ಟೆಯಂತೆ ಅಲ್ಲಾಡುತ್ತಿತ್ತು.

ಎರಡನೆಯದಕ್ಕೆ ಹೊಸ ಜಾಕೆಟ್ಟು ಕಾರಣ. ಗಾಳಿ ನುಗ್ಗದ, ನೀರು ಇಳಿಯದ, ಒಳ್ಳೆಯ ಜಾಕೆಟ್ಟು. ಒಂದೇ ದೋಷ, ಕೈ ಎತ್ತಿದರೆ ಸರಬರ ಎನ್ನುತ್ತದೆ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ತನ್ನ ಮೂತಿಯ ಎದುರು ಮತ್ತು ಬಾಲದ ಹಿಂದೆ ಸ್ವಲ್ಪ ಬಿಟ್ಟು ಸುತ್ತಲೂ ಅದಕ್ಕೆ ಕಾಣುತ್ತದೆ. ಅಂದರೆ ಹೆದರಲು ಅದಕ್ಕೆ ನಮಗಿಂತ ಹೆಚ್ಚು ಅವಕಾಶ. ಅದರ ಮೇಲೆ ಚಳಿಗಾಳಿ ಬೀಸುವ ಬೆಳಿಗ್ಗೆ ಅವುಗಳ ಮೈಯಲ್ಲಿ ಎಲ್ಲಿಲ್ಲದ ಹುರುಪು. ಮೂಗಿನಿಂದ ಆವಿ ಬಿಡುತ್ತಾ, ಬಾಲ ಬಾವುಟದಂತೆ ಎತ್ತಿ, ಹನ್ನೆರಡು ವರ್ಷದ ಸಹನಾ ಮರಿಯಂತೆ ಕುಣಿಯುತ್ತಿದ್ದಳು. ಆ ಹೊತ್ತಿಗೇ ನನ್ನ ಮೂಗು ಸೋರತೊಡಗಿ, ಒರೆಸಿಕೊಳ್ಳಲು ತೋಳು ಎತ್ತಿದೆ. ಸರ್ರ್!

ಅವಳು ಎಡಕ್ಕೆ ಹಾರಿದಳು. ನಾನು ಇದ್ದಲ್ಲೇ ಇದ್ದೆ, ಕೆಳಗೆ ಮಾತ್ರ ಕುದುರೆ ಇರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ನನ್ನದೂ ಮಣ್ಣಾಗಲಿಲ್ಲ. ಹಿಮವಾಯಿತು. ಎದ್ದು ನೋಡಿದರೆ ಸಹನಾ ನಾಲ್ಕು ಹೆಜ್ಜೆ ಆಚೆ ನಿಂತು, ನಾನು ಬಿದ್ದ ಗುಂಡಿಯನ್ನು ಮೂಸುತ್ತಿದ್ದಳು.

ಹಿಮದ ಇನ್ನೊಂದು ಕಿತಾಪತಿ ಆವರೆಗೂ ನನಗೆ ತಿಳಿದಿರಲಿಲ್ಲ. ಲಾಳ ಕಟ್ಟಿದ ಗೊರಸಿನೊಳಗೆ ಹಿಮ ಮೆತ್ತಿಕೊಂಡು, ಒತ್ತಡಕ್ಕೆ ಗಟ್ಟಿಯಾಗಿ, ಉಂಡೆಕಟ್ಟುತ್ತದೆ. ಒಂದು ಫರ್ಲಾಂಗು ನಡೆದರೆ ಕುದುರೆ ಹೈ ಹೀಲ್ಸ್ ಹಾಕಿಕೊಂಡ ಹಾಗೆ ಎತ್ತರವಾಗುತ್ತದೆ. ನಾಲ್ಕು ಕಾಲಿಗೆ ನಾಲ್ಕು ಬೇರೆ ಬೇರೆ ಎತ್ತರದ ಹೀಲ್ಸ್. ಕುದುರೆಗೆ ಕಾಲು ಉಳುಕುವ ಭಯ, ಮೇಲಿರುವವನಿಗೆ ದೋಣಿಯಲ್ಲಿ ಕೂತ ಅನುಭವ. ಇಳಿದು, ಕೊಕ್ಕೆಯಿಂದ ಕೆದಕಿ ತೆಗೆಯಬೇಕು. ಮತ್ತೆ ಹತ್ತಿ, ಮತ್ತೊಂದು ಫರ್ಲಾಂಗು ಹೋಗಿ, ಮತ್ತೆ ಇಳಿಯಬೇಕು. ಹೊರಡುವ ಮೊದಲು ಗೊರಸಿನ ತಳಕ್ಕೆ ವ್ಯಾಸಲೀನ್ ಬಳಿದರೆ ಸ್ವಲ್ಪ ಹೊತ್ತು ಅಂಟುವುದಿಲ್ಲ ಎಂದು ಯಜಮಾನರು ಹೇಳಿಕೊಟ್ಟರು. ಧಾರಾಳವಾಗಿ ಬಳಿದೆ. ಆಮೇಲೆ ಅದೇ ಕೈಯಲ್ಲಿ ಲಗಾಮು ಹಿಡಿದೆ. ಆ ದಿನ ದಾರಿಯನ್ನು ಸಹನಾಳೇ ಆರಿಸಿದಳು.

ಇಷ್ಟಾದರೂ ಬಿಟ್ಟುಬಿಡುವ ಮನಸ್ಸಾಗಿರಲಿಲ್ಲ. ಮನಸ್ಸಾದದ್ದು ಕಡಿವಾಣದ ಪ್ರಕರಣದ ದಿನ.

ಕಡಿವಾಣದಲ್ಲಿ ಕುದುರೆಯ ಬಾಯೊಳಗೆ ಹೋಗುವ ಉಕ್ಕಿನ ಕಂಬಿಯೊಂದಿದೆ. ರಾತ್ರಿಯಿಡೀ ಗೂಟಕ್ಕೆ ನೇತಾಡಿದ ಕಂಬಿ ಬೆಳಿಗ್ಗೆ ಮಂಜುಗಡ್ಡೆಗಿಂತ ತಣ್ಣಗಿರುತ್ತದೆ. ಅದನ್ನು ಹಾಗೇ ಸಹನಾಳ ಬಾಯಿಗೆ ತರಲು ಹೋದೆ. ಅವಳು ಹಲ್ಲು ಕಚ್ಚಿ ತಲೆಯನ್ನು ಮಾಡಿಗೆ ಎತ್ತಿದಳು. “ಅದನ್ನು ನಿಮ್ಮ ನಾಲಿಗೆ ಮೇಲೆ ಇಟ್ಟು ನೋಡಿ ಸಾರ್, ಗೊತ್ತಾಗುತ್ತೆ” ಎಂದು ಹೇಳಿ ಯಜಮಾನರು ಆಚೆ ಹೋದರು.

ಅದು ಮಾತಿನ ವರಸೆ ಎಂದು ಬುದ್ಧಿ ಇರುವ ಯಾರಿಗಾದರೂ ತಿಳಿಯುತ್ತದೆ. ನಾನು ಇಟ್ಟು ನೋಡಿದೆ.

ಅಂಟಿಕೊಂಡಿತು. ನಾಲಿಗೆಯ ತುದಿ, ಕೆಳದುಟಿಯ ಒಂದು ಭಾಗ. ಎಳೆದರೆ ಪ್ರಾಣ ಹೋಗುವ ನೋವು. ಕೂಗಿದರೆ ‘ಯಯಮಾಂಯೇ’ ಎಂಬ ಸದ್ದು. ಒಂದು ತುದಿ ನನ್ನ ಬಾಯಲ್ಲಿ, ಲಗಾಮಿನ ಇನ್ನೊಂದು ತುದಿ ಕೈಯಲ್ಲಿ, ನನ್ನನ್ನು ನಾನೇ ಹಿಡಿದುಕೊಂಡು ಲಾಯದ ನಡುವೆ ನಿಂತಿದ್ದೆ. ಸಹನಾ ಕಿವಿ ಮುಂದೆ ಮಾಡಿ ನೋಡುತ್ತಿದ್ದಳು. ಅಷ್ಟು ಗಮನ ಕೊಟ್ಟು ಅವಳು ನನ್ನನ್ನು ನೋಡಿದ್ದು ಅದೇ ಮೊದಲು.

ಕಾಪಾಡಿದ್ದು ಅವಳದೇ ಬಕೆಟ್ಟು. ಚಳಿಗಾಲದಲ್ಲಿ ನೀರು ತಣ್ಣಗಿದ್ದರೆ ಕುದುರೆಗಳು ಕಡಿಮೆ ಕುಡಿಯುತ್ತವೆ. ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ಕರುಳಲ್ಲಿ ಗಟ್ಟಿಕಟ್ಟಿ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ, ಹಾಗಾಗಿ ಹೊಟ್ಟೆಶೂಲೆ ಎಂದರೆ ಲಾಯದಲ್ಲಿ ಎಲ್ಲರಿಗೂ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಯಜಮಾನರು ಬೆಳಿಗ್ಗೆ ಬೆಚ್ಚಗಿನ ನೀರು ತುಂಬಿಡುತ್ತಾರೆ. ಕಡಿವಾಣ ಸಮೇತ ಮುಖವನ್ನು ಅದರೊಳಗೆ ಅದ್ದಿದೆ. ಬಿಟ್ಟಿತು. ತಲೆ ಎತ್ತಿದರೆ ಯಜಮಾನರು ಬಾಗಿಲಲ್ಲಿ ನಿಂತಿದ್ದಾರೆ.

“ನೀರು ಚೆನ್ನಾಗಿದೆಯಾ ಸಾರ್?”

ಅಂದಿನಿಂದ ಕಂಬಿಯನ್ನು ಬೆಚ್ಚಗೆ ಮಾಡಿಯೇ ಹಾಕುತ್ತೇನೆ. ಅದಕ್ಕೆ ನನ್ನಲ್ಲಿರುವ ಏಕೈಕ ಬೆಚ್ಚನೆಯ ಜಾಗವೆಂದರೆ ಕಂಕುಳು. ಹದಿನೈದು ನಿಮಿಷ ಕಂಕುಳಲ್ಲಿಟ್ಟು, ಚರ್ಮದ ಪಟ್ಟಿಗಳು ಕೋಟಿನಿಂದ ನೇತಾಡುತ್ತಿರಲು, ಅವಳ ಮೈ ಉಜ್ಜುತ್ತೇನೆ. ಆಮೇಲೆ ಹದಿನೈದು ನಿಮಿಷ ಬರೀ ನಡಿಗೆ, ಅವಳ ಸ್ನಾಯು ಸಡಿಲವಾಗಬೇಕು. ಸವಾರಿ ಅರ್ಧ ಗಂಟೆ. ಅದರಲ್ಲೂ ನೆಲ ಕಲ್ಲಿನಂತೆ ಗಡ್ಡೆಕಟ್ಟಿದ್ದರೆ ಓಡಿಸುವಂತಿಲ್ಲ. ಕೊನೆಗೆ ಬೆವರು ಆರಿಸುವ ಕೆಲಸ. ದಪ್ಪ ಕೂದಲಿನ ಬುಡದಲ್ಲಿ ಬೆವರು ನಿಂತರೆ ಅದಕ್ಕೆ ನಿಜವಾದ ಚಳಿ ಹಿಡಿಯುವುದು ಆಗಲೇ. ಉಣ್ಣೆಯ ಹೊದಿಕೆ ಹಾಕಿ ನಡೆಸಬೇಕು, ಎದೆಯ ಹತ್ತಿರ ಕೈ ಹಾಕಿ ನೋಡಬೇಕು, ಮತ್ತೆ ನಡೆಸಬೇಕು. ಅವಳು ಒಣಗುವ ಹೊತ್ತಿಗೆ ನಾನು ನೆನೆದಿರುತ್ತೇನೆ. ಅರ್ಧ ಗಂಟೆಯ ಸವಾರಿಗೆ ಎರಡು ಗಂಟೆಯ ಚಾಕರಿ!

ಮೊನ್ನೆ ರಾತ್ರಿ ಊದಿದ ತುಟಿಗೆ ಮುಲಾಮು ಹಚ್ಚಿಕೊಳ್ಳುತ್ತಾ, “ಆಯ್ತು, ಬಿಟ್ಟೆ. ಇನ್ನು ಬೇಸಿಗೆಗೇ. ನಾಳೆ ಬೆಳಿಗ್ಗೆ ಮಲಗುತ್ತೇನೆ” ಎಂದು ಘೋಷಿಸಿದೆ.

“ಒಳ್ಳೇದಾಯ್ತು ಬಿಡಿ” ಎಂದಳು ಹೆಂಡತಿ. ಎರಡು ನಿಮಿಷ ಬಿಟ್ಟು, “ಕಂಕುಳಲ್ಲಿ ಏನ್ರೀ ಅದು?” ಎಂದಳು.

ನೋಡಿಕೊಂಡೆ. ಕಡಿವಾಣ. ಮರುದಿನಕ್ಕೆ ಬೆಚ್ಚಗಿರಲಿ ಎಂದು ಲಾಯದಿಂದ ಮನೆಗೇ ತಂದಿದ್ದೆ. ತಂದು, ಊಟ ಮಾಡಿ, ಮುಲಾಮು ಹಚ್ಚಿ, ಬಿಟ್ಟೆ ಎಂದು ಘೋಷಿಸುವವರೆಗೂ ಅದು ಅಲ್ಲೇ ಇತ್ತು.

“ಬೆಳಿಗ್ಗೆ ಕೊಟ್ಟು ಬಂದುಬಿಡ್ತೀನಿ. ಇದಿಲ್ಲದೆ ಅವರು ಅವಳನ್ನು ಹೊರಗೆ ತೆಗೆಯೋಕಾಗಲ್ಲ. ಕೊಟ್ಟು ಬರೋದಷ್ಟೇ.”

ಅವಳು ಏನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಬಳಿ ಬೂಟು, ಹೆಲ್ಮೆಟ್ಟು, ಸರಬರ ಅನ್ನದ ಹಳೇ ಕೋಟು. ಕಾಲುಚೀಲ ಒಂದೇ ಜೊತೆ.