ಅಟ್ಟದ ತೇವ, ಟ್ಯಾಂಕಿನ ಕಪ್ಪೆ ಮತ್ತು ನಮ್ಮನೆಯ ಅಲರ್ಟುಗಳು

ಅಡಿಕೆ ಚಾಲಿಯನ್ನು ದರ ಏರುವವರೆಗೂ ಅಟ್ಟದಲ್ಲಿ ಕಾದಿರಿಸುವ ನಮ್ಮ ಕಡೆಯ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಎರಡು ಚಿಂತೆಗಳು ತಪ್ಪುವುದಿಲ್ಲ. ಚೀಲದೊಳಗೆ ಬೂಸ್ಟು ಹಿಡಿದೀತೆಂಬುದು ಒಂದು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು ಯಾವ ಗಳಿಗೆಯಲ್ಲಿ ನಿಂತೀತೆಂಬುದು ಇನ್ನೊಂದು. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ಈಚೆಗಿರುವ ನಮ್ಮ ಮನೆಯಲ್ಲಿ ಈ ಎರಡೂ ಚಿಂತೆಗಳನ್ನು, ಅಂಕಿಗಳನ್ನು ಗ್ರಾಫಾಗಿ ತೋರಿಸಿ ಮಿತಿ ದಾಟಿದರೆ ಅಲರ್ಟ್ ಕಳಿಸುವ ಗ್ರಾಫಾನಾ ಎಂಬ ತಂತ್ರಾಂಶಕ್ಕೆ ವಹಿಸಿಕೊಡಬೇಕೆಂದು ತೀರ್ಮಾನವಾಯಿತು. ಯಾರದೋ ಸರ್ವರುಗಳನ್ನು ಮನೆಯಲ್ಲೇ ಕುಳಿತು ಹಗಲೂ ರಾತ್ರಿ ಕಾಯುವ ಮಗನಿಗೆ ಸ್ವಂತ ಮನೆಯ ಟ್ಯಾಂಕು ಕಾಯಲು ಏನು ಧಾಡಿ ಎಂಬುದು ಅಪ್ಪಯ್ಯನ ವಾದವಾಗಿತ್ತು.

ಅಟ್ಟದಲ್ಲಿ ತೇವಾಂಶ ಅಳೆಯುವ ಡಿಎಚ್‌ಟಿ22, ಟ್ಯಾಂಕಿನ ಮುಚ್ಚಳದ ಒಳಮೈಗೆ ನೀರಿನ ಮಟ್ಟ ನೋಡುವ ಅಲ್ಟ್ರಾಸಾನಿಕ್ ಸೆನ್ಸರ್, ಎರಡನ್ನೂ ನಿಮಿಷಕ್ಕೊಮ್ಮೆ ಕೇಳಿ ಹೊರಗಿನ ಬಾಡಿಗೆ ಸರ್ವರಿಗೆ ಕಳಿಸುವ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಸಂದೇಶ ಬರಲು ಮನೆಮಂದಿಯ ಟೆಲಿಗ್ರಾಮ್ ಗುಂಪು: ಇಷ್ಟೇ ಸರಂಜಾಮು. ಗುಂಪಿನಲ್ಲಿ ಬೆಂಗಳೂರಿನ ಅಕ್ಕ ಮತ್ತು ಭಾವನೂ ಇದ್ದರು. ಅಲರ್ಟಿನ ನಿಯಮಗಳನ್ನು ಬರೆಯುವ ಹೊಣೆಯನ್ನು ರಜೆಗೆ ಬಂದಿದ್ದ, ಎಂಜಿನಿಯರಿಂಗ್ ಓದುತ್ತಿರುವ ಚಿಕ್ಕಪ್ಪನ ಮಗ ಬಹಳ ಉಮೇದಿನಿಂದ ವಹಿಸಿಕೊಂಡ.

ತೇವಾಂಶ ಶೇ. 80 ದಾಟಿದರೆ ಅಲರ್ಟ್ ಬರಬೇಕೆಂದು ಅವನು ಬರೆದ. ಮಿತಿಯೇನೋ ಪುಸ್ತಕದ ಪ್ರಕಾರ ಸರಿಯಾಗಿಯೇ ಇದ್ದಿರಬಹುದು; ಆದರೆ ಆ ಪುಸ್ತಕ ಬರೆದವರು ಆಷಾಢದಲ್ಲಿ ಶಿರಸಿ ಸೀಮೆಗೆ ಬಂದು ಒಂದು ಪಂಚೆ ಒಣಗಿಸಿ ನೋಡಿದವರಲ್ಲ. ಮಳೆ ಹಿಡಿದ ದಿನ ಮಿತಿ ದಾಟಿದ ತೇವ ಮತ್ತೆ ಕೆಳಗಿಳಿಯಲಿಲ್ಲ. ಗ್ರಾಫಾನಾದಲ್ಲಿ ಒಮ್ಮೆ ಕೂಗಿದ ಅಲರ್ಟ್ ಪರಿಹಾರವಾಗದಿದ್ದರೆ, ನಾವು ಬದಲಿಸದ ಹೊರತು, ನಾಲ್ಕು ಗಂಟೆಗೊಮ್ಮೆ ಅದನ್ನೇ ಮತ್ತೆ ನೆನಪಿಸುತ್ತದೆ. ಹಾಗಾಗಿ ಬೆಳಗಿನ ಐದಕ್ಕೆ, ಒಂಬತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಮನೆಯ ಫೋನುಗಳೆಲ್ಲ ಒಟ್ಟಿಗೆ ಕೂಗತೊಡಗಿದವು. ಅಟ್ಟ ಹತ್ತಿ ನೋಡುವವರು ಯಾರೂ ಇರಲಿಲ್ಲ. ಆಯಿ ಮಾತ್ರ ಅದಕ್ಕೊಂದು ಉಪಯೋಗ ಕಂಡುಕೊಂಡಿದ್ದಳು: "ತಮಾ, ಫೋನು ಕೂಗ್ತಾ ಇದ್ದು, ಹಾಲು ಕರೆಯೋ ಹೊತ್ತಾತು" ಎಂದು ಚೊಂಬು ಹಿಡಿದು ಕೊಟ್ಟಿಗೆಗೆ ನಡೆಯುತ್ತಿದ್ದಳು.

ಟ್ಯಾಂಕಿನದು ಬೇರೆ ರೀತಿಯ ರಗಳೆ. ನೀರು ಶೇ. 20ಕ್ಕಿಂತ ಇಳಿದರೆ ತಿಳಿಸಬೇಕೆಂಬುದು ನಿಯಮ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆಯುವ ಹೊತ್ತಿಗೆ ಮಟ್ಟ ಆ ಗೆರೆಯ ಹತ್ತಿರಕ್ಕೇ ಬಂದು, ನಲ್ಲಿ ತಿರುಗಿಸಿದರೆ 19, ನಿಲ್ಲಿಸಿದರೆ 21 ಎಂದು ತುಯ್ದಾಡುತ್ತಿತ್ತು. "ನೀರು ಕಡಿಮೆಯಾಗಿದೆ", "ಸರಿಹೋಗಿದೆ", "ಕಡಿಮೆಯಾಗಿದೆ" ಎಂದು ಒಂದರ ಬೆನ್ನಿಗೊಂದು ಸಂದೇಶ ಬಂದು ಆಯಿಯ ಮಧ್ಯಾಹ್ನದ ನಿದ್ದೆ ಹಾಳಾಯಿತು. ನಿಯಮ ಬರೆಯುವವರೆಲ್ಲ ಮಿತಿ ಎಷ್ಟಿರಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆಯೇ ಹೊರತು, ಮಿತಿ ದಾಟಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದು ನೋಡಬೇಕೆಂಬ ಖಾನೆಯನ್ನು ಗಮನಿಸುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ವಿವೇಕ ಬೇಕಾಗುವುದು ಆ ಒಂದು ಖಾನೆಯನ್ನು ತುಂಬುವಾಗ. ಅಲ್ಲಿ ಹತ್ತು ನಿಮಿಷ ಎಂದು ಬರೆದರೆ, ಮಿತಿ ದಾಟಿದ ಅಲರ್ಟ್ ಅಷ್ಟು ಹೊತ್ತು 'ಪೆಂಡಿಂಗ್' ಎಂಬ ಸ್ಥಿತಿಯಲ್ಲಿ ಬಾಯಿ ಮುಚ್ಚಿ ಕುಳಿತು, ಅಷ್ಟರಲ್ಲಿ ನೀರು ಮತ್ತೆ ಏರಿದರೆ ಯಾರಿಗೂ ಹೇಳದೆ ಹಿಂದಕ್ಕೆ ಹೋಗುತ್ತದೆ. ನಮ್ಮ ಮನೆಯ ನಾಯಿಗೆ ಈ ಬುದ್ಧಿ ಹುಟ್ಟಿನಿಂದಲೇ ಇದೆ; ತೋಟದಲ್ಲಿ ಮಂಗ ಹಾರಿದರೆ ಒಮ್ಮೆ ಗುರ್ ಎಂದು ಕಿವಿ ನಿಮಿರಿಸಿ ಕಾಯುತ್ತದೆ, ಹಿಂಡು ಅಡಿಕೆ ಮರ ಹತ್ತಿದ ಮೇಲಷ್ಟೇ ಊರಿಗೆಲ್ಲ ಕೇಳುವಂತೆ ಬೊಗಳುತ್ತದೆ.

ಚಿಕ್ಕಪ್ಪನ ಮಗ ಆ ಖಾನೆಯನ್ನು ಬಿಟ್ಟು, ನಿದ್ದೆಯ ಹೊತ್ತಿಗೆ ಸಂದೇಶ ಬಾರದಂತೆ ಬಾಯಿ ಕಟ್ಟುವ 'ಮ್ಯೂಟ್ ಟೈಮಿಂಗ್' ಹಾಕಿದ. 14ರಿಂದ 16 ಗಂಟೆ ಎಂದು ಬರೆದನಾದರೂ ಯಾವ ದೇಶದ ಗಂಟೆ ಎಂದು ಬರೆಯಲಿಲ್ಲ. ಹೇಳದಿದ್ದರೆ ಗ್ರಾಫಾನಾ ಅದನ್ನು ಯುಟಿಸಿ, ಅಂದರೆ ಜಗತ್ತಿನ ಪ್ರಮಾಣ ಸಮಯ, ಎಂದೇ ತಿಳಿಯುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪರಿಣಾಮವಾಗಿ ಮಧ್ಯಾಹ್ನ ಫೋನು ಎಂದಿನಂತೆ ಕೂಗಿತು, ಸಂಜೆ ಏಳೂವರೆಯಿಂದ ಒಂಬತ್ತೂವರೆಯವರೆಗೆ, ಅಂದರೆ ಎಲ್ಲರೂ ಎಚ್ಚರವಾಗಿದ್ದು ಸ್ನಾನ, ಊಟಕ್ಕೆ ನೀರು ಖರ್ಚು ಮಾಡುವ ಹೊತ್ತಿನಲ್ಲಿ, ಗಪ್‌ಚಿಪ್ಪಾಗಿ ಇತ್ತು.

ಕರೆಂಟ್ ಹೋದಾಗಿನ ಕಥೆಯಂತೂ ಸ್ವಾರಸ್ಯವಾದದ್ದು. ತಂತಿಯ ಮೇಲೆ ಕೊಂಬೆ ಬಿದ್ದರೆ ಪೈ ಮಲಗುತ್ತದೆ, ಅಂಕಿಗಳು ನಿಲ್ಲುತ್ತವೆ, ಹೊರಗಿರುವ ಗ್ರಾಫಾನಾ 'ಡೇಟಾ ಇಲ್ಲ' ಎಂದು ಅಲರ್ಟ್ ಕಳಿಸುತ್ತದೆ. ಆದರೆ ಕರೆಂಟಿನ ಜೊತೆಗೇ ವೈಫೈ, ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಗುವುದರಿಂದ, ಮನೆಯಲ್ಲಿ ಕರೆಂಟಿಲ್ಲವೆಂಬ ಸುದ್ದಿ ಮನೆಯವರಿಗೆ ತಲುಪುವುದು ಕರೆಂಟ್ ಬಂದ ಮೇಲೆಯೇ. ಬೆಂಗಳೂರಿನ ಭಾವನಿಗೆ ಮಾತ್ರ ಕೂಡಲೇ ತಲುಪುತ್ತಿತ್ತು. ಸಂದೇಶದ ತಲೆಬರಹ 'ಡೇಟಾಸೋರ್ಸ್ ನೋ ಡೇಟಾ' ಎಂದಿರುವುದನ್ನು ಕಂಡು ಅವನು ಗಾಬರಿಯಿಂದ ಫೋನ್ ಮಾಡುತ್ತಿದ್ದ, ಯಾರೂ ಎತ್ತುತ್ತಿರಲಿಲ್ಲ, ಗಾಬರಿ ಇಮ್ಮಡಿಯಾಗುತ್ತಿತ್ತು. ಇತ್ತ ನಾವು ಚಿಮಣಿ ದೀಪದಲ್ಲಿ ಅಪ್ಪೆಹುಳಿ ಸುರಿಯುತ್ತ ಆರಾಮವಾಗಿ ಕುಳಿತಿರುತ್ತಿದ್ದೆವು.

ಇಷ್ಟೆಲ್ಲ ಕೂಗುವ ವ್ಯವಸ್ಥೆ ನಿಜವಾಗಿ ಕೂಗಬೇಕಾದ ದಿನ ತುಟಿ ಬಿಚ್ಚಲಿಲ್ಲ. ಅಬ್ಬಿಯ ಬಾಯಲ್ಲಿ ಏಡಿಯೊಂದು ಪೈಪಿನೊಳಗೆ ಸಿಕ್ಕಿಕೊಂಡು ನೀರು ನಿಂತಿತ್ತು, ಬಚ್ಚಲಿನಲ್ಲಿ ನಲ್ಲಿ ಬುಸ್ ಎಂದು ಗಾಳಿ ಬಿಡುತ್ತಿತ್ತು, ಡ್ಯಾಶ್‌ಬೋರ್ಡು ಮಾತ್ರ ಟ್ಯಾಂಕು ಶೇ. 96 ತುಂಬಿದೆ ಎಂದು ಹಸಿರು ಬಣ್ಣ ತೋರಿಸುತ್ತಿತ್ತು. ಅಪ್ಪಯ್ಯ ಏಣಿ ಹತ್ತಿ ಮುಚ್ಚಳ ಸರಿಸಿದ. ನೀರು ಬೀಳಬೇಕಾದ ಪೈಪು ಒಣಗಿತ್ತಾದ್ದರಿಂದ ಅದರ ತುದಿಯ ಮೇಲೆ, ಸೆನ್ಸರಿನ ಎರಡು ದುಂಡು ಕಣ್ಣುಗಳ ನೇರ ಕೆಳಗೆ, ಒಂದು ಹಸಿರು ಕಪ್ಪೆ ಕಾಲು ಮಡಚಿ ಕುಳಿತು ಗಂಟಲು ಆಡಿಸುತ್ತಿತ್ತು. ಸೆನ್ಸರು ಕಳಿಸಿದ ಸದ್ದು ಕಪ್ಪೆಯ ಬೆನ್ನಿಗೆ ತಾಗಿ ತಿರುಗಿ ಬರುತ್ತಿತ್ತು; ಸದ್ದು ಬೇಗ ಮರಳಿದರೆ ನೀರು ಮೇಲಿದೆ ಎಂದು ಅದರ ಲೆಕ್ಕ. ಬೆಳಗಿನಿಂದ ಗ್ರಾಫ್ ಹೆಚ್ಚೂಕಡಿಮೆ ಅಡ್ಡಗೆರೆಯಾಗಿತ್ತು. ನಾಲ್ಕು ಜನ ಇರುವ ಮನೆಯ ಟ್ಯಾಂಕು ಹಾಗೆ ಅಲುಗಾಡದೆ ಇರುವುದೇ ಅನುಮಾನ ಪಡಬೇಕಾದ ವಿಷಯ. ಹಗಲಿನಲ್ಲಿ ಮೂರು ಗಂಟೆಗಳ ಕಾಲ ಮಟ್ಟ ಬದಲಾಗದಿದ್ದರೂ ತಿಳಿಸಬೇಕೆಂಬ ನಿಯಮ ಅಂದೇ ಸೇರಿತು.

"ಬೇಕಾದಾಗ ಮಾತ್ರ ಕೂಗಿದ್ರೆ ಸಾಕು ಮಾರಾಯ" ಎಂದು ಅಪ್ಪಯ್ಯ ಏಣಿಯಿಂದ ಇಳಿಯುತ್ತ ಹೇಳಿದ್ದನ್ನು ನಾನು ಆಫೀಸಿನ ದಸ್ತಾವೇಜಿಗೂ ಸೇರಿಸಬೇಕೆಂದಿದ್ದೇನೆ. ಏಳಬೇಕಾಗದ, ಎದ್ದರೂ ಮಾಡುವುದೇನಿಲ್ಲದ ಸುದ್ದಿ ಡ್ಯಾಶ್‌ಬೋರ್ಡಿನಲ್ಲಿ ಗೆರೆಯಾಗಿ ಇದ್ದರಾಯಿತು. ತೇವಾಂಶದ ಅಲರ್ಟ್ ತೆಗೆದಾಯಿತು. 'ಡೇಟಾ ಇಲ್ಲ' ಎಂಬುದು ಈಗ ಎರಡು ಗಂಟೆ ಕಾದು ಭಾವನಿಗೊಬ್ಬನಿಗೇ ಹೋಗುತ್ತದೆ. ಕೊಂಬೆ ಬಿದ್ದಿರಬೇಕು ಎಂದು ಅವನೂ ಕಲಿತಿದ್ದಾನೆ.

ಇದನ್ನೆಲ್ಲ ನೋಡುತ್ತಿದ್ದ ಆಯಿಗೆ ಅಂಕಿ ಬಾರದಿದ್ದರೂ ಅಲರ್ಟ್ ಬರುತ್ತದೆಂಬ ಸಂಗತಿ ಬಹಳ ಹಿಡಿಸಿಬಿಟ್ಟಿದೆ. ಭಾನುವಾರ ಅಕ್ಕನ ಫೋನು ಬಾರದಿದ್ದರೆ ಅಕ್ಕನಿಗೇ ಸಂದೇಶ ಹೋಗುವಂತೆ ಒಂದು ನಿಯಮ ಬರೆದುಕೊಡಬೇಕಂತೆ. ಎಷ್ಟು ಹೊತ್ತು ಕಾದು ಕಳಿಸಲಿ ಎಂದು ಕೇಳಿದೆ. ಕಾಯುವುದು ಎಂತಕ್ಕೆ, ಆ ಖಾನೆಯಲ್ಲಿ ಸೊನ್ನೆ ಹಾಕು ಎಂದಳು.