ರೇಷನ್ ಕಾರ್ಡಿಗೆ ಸಂಸಾರ, ರಿಜಿಸ್ಟ್ರಾರ್‌ಗೆ ಅಪರಿಚಿತರು

ಮದುವೆ ಮಾಡಿಸುವುದರಲ್ಲಿ ನಮ್ಮ ದೇಶದವರಷ್ಟು ಧಾರಾಳಿಗಳು ಇನ್ನೊಬ್ಬರಿಲ್ಲ. ಅರಳಿಮರಕ್ಕೂ ಬೇವಿನಮರಕ್ಕೂ ಮಂತ್ರ ಹೇಳಿ ಮದುವೆ ಮಾಡುತ್ತೇವೆ. ಮಳೆ ಬರದಿದ್ದರೆ ಕತ್ತೆಗಳಿಗೆ ಬಾಸಿಂಗ ಕಟ್ಟಿ ಊರೆಲ್ಲ ಮೆರವಣಿಗೆ ಹೊರಡಿಸುತ್ತೇವೆ. ಹುಡುಗಿಗೆ ಕುಜದೋಷ ಇದ್ದರೆ ಮೊದಲು ಬಾಳೆಗಿಡಕ್ಕೆ ಕೊಟ್ಟು, ಆ ಗಂಡನನ್ನು ಕತ್ತಿಯಿಂದ ಕಡಿದು ಹಾಕಿ, ಆಮೇಲೆ ಸಾಫ್ಟ್‌ವೇರ್ ಇಂಜಿನಿಯರ್‌ಗೆ ಧಾರೆ ಎರೆಯುತ್ತೇವೆ. 2019ರಲ್ಲಿ ಭೋಪಾಲ್‌ನಲ್ಲಿ ಮಳೆಗಾಗಿ ಕಪ್ಪೆ ಮದುವೆ ಮಾಡಿಸಿದರು. ಮಳೆ ಬಂತು. ಬಂದಿದ್ದು ನಿಲ್ಲಲೇ ಇಲ್ಲ. ಸೆಪ್ಟೆಂಬರ್ ಹೊತ್ತಿಗೆ ಕಪ್ಪೆಗಳಿಗೆ ವಿಚ್ಛೇದನ ಕೊಡಿಸಿದರು. ಜೀವನಾಂಶ ಕೇಳಲಿಲ್ಲ, ಪುಣ್ಯ.

ಇದ್ಯಾವುದರಿಂದಲೂ ಸಂಸ್ಕೃತಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಇಬ್ಬರು ಗಂಡಸರೋ, ಇಬ್ಬರು ಹೆಂಗಸರೋ ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದು, ಬಾಡಿಗೆ, ಕರೆಂಟ್ ಬಿಲ್, ಅಮ್ಮನ ಮಂಡಿನೋವು ಎಲ್ಲ ಹಂಚಿಕೊಂಡು, ಕೊನೆಗೊಂದು ದಿನ "ನಮ್ಮದನ್ನೂ ರಿಜಿಸ್ಟರ್ ಮಾಡ್ಕೊಳ್ಳಿ ಸಾರ್" ಅನ್ನಲಿ. ಸಾವಿರಾರು ವರ್ಷದ ನಾಗರಿಕತೆ ಗಡಗಡ ನಡುಗಲು ಶುರು. ಎಷ್ಟು ದಾಳಿಗಳನ್ನು ತಡೆದುಕೊಂಡಿದ್ದು, ಪಾಪ, ಒಂದು ರಬ್ಬರ್ ಸ್ಟಾಂಪಿಗೆ ಬಿದ್ದುಹೋಗುತ್ತದಂತೆ.

2023ರ ಏಪ್ರಿಲ್‌ನಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ಇದೆಲ್ಲ ಬರೀ ನಗರದ ಮೇಲ್ವರ್ಗದವರ ಯೋಚನೆ ಎಂದು ಕೇಂದ್ರ ಸರ್ಕಾರ ಬರೆದುಕೊಟ್ಟಿತು. ಅಂದರೆ ಹಳ್ಳಿ ಹುಡುಗನಿಗೆ ಇನ್ನೊಬ್ಬ ಹುಡುಗನ ಮೇಲೆ ಮನಸ್ಸಾಗಬೇಕಾದರೆ ಮೊದಲು ಕೆಂಪು ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಬಂದು ಇಳಿಯಬೇಕು. ಹಬ್ಬಕ್ಕೆ ಊರಿಗೆ ಹೋದರೆ ತಾನಾಗಿ ವಾಸಿಯಾಗುತ್ತದೆ.

ಅದೇ ತಿಂಗಳು ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ನಿರ್ಣಯ ಮಾಡಿತು. ದೇಶದ ಶೇ 99.9ಕ್ಕಿಂತ ಜಾಸ್ತಿ ಜನ ಸಲಿಂಗ ಮದುವೆಗೆ ವಿರೋಧ ಇದ್ದಾರೆ ಅಂತ. ಈ ಲೆಕ್ಕದ ಮುಂದೆ ಸ್ವಲ್ಪ ನಿಲ್ಲಲೇಬೇಕು. ಆಗ 2011ರ ನಂತರ ಜನಗಣತಿಯೇ ನಡೆದಿರಲಿಲ್ಲ. ದೇಶದಲ್ಲಿ ಎಷ್ಟು ತಲೆ ಇವೆ ಅಂತ ಸರ್ಕಾರಕ್ಕೇ ಖಚಿತ ಇಲ್ಲದ ಕಾಲದಲ್ಲಿ, ಆ ತಲೆಗಳ ಒಳಗೆ ಏನಿದೆ ಅಂತ ವಕೀಲರು ದಶಾಂಶದ ಸಮೇತ ಎಣಿಸಿಬಿಟ್ಟಿದ್ದರು. 140 ಕೋಟಿ ಅಂತಿಟ್ಟುಕೊಂಡರೂ ಉಳಿದ ಶೇ 0.1 ಅಂದರೆ 14 ಲಕ್ಷ ಜನ. ಮಿಕ್ಕ 139 ಕೋಟಿ 86 ಲಕ್ಷ ಜನರಲ್ಲಿ ತೊಟ್ಟಿಲ ಕೂಸುಗಳೂ ಸೇರಿವೆ. ಬೆರಳು ಚೀಪುತ್ತಲೇ ಅವು ಖಡಾಖಂಡಿತವಾಗಿ ವಿರೋಧಿಸಿರಬೇಕು. ನಮ್ಮ ಮನೆಗೆ ಕೇಳಲು ಯಾರೂ ಬರಲಿಲ್ಲ. ಬೀಗ ಹಾಕಿತ್ತು ಅಂತ "ವಿರೋಧ"ದ ಕಾಲಂನಲ್ಲಿ ಬರೆದುಕೊಂಡು ಹೋಗಿರಬಹುದು.

ಈ ವಿರೋಧದಿಂದ ಒಂದು ಒಳ್ಳೆಯದೂ ಆಯಿತು ಅನ್ನಿ. ಕೋರ್ಟಿನಲ್ಲಿ ಮುಸ್ಲಿಂ ಧರ್ಮಗುರುಗಳ ಜಮಿಯತ್ ಉಲಮಾ-ಎ-ಹಿಂದ್ ಮತ್ತು ಹಿಂದೂ ಸಂತರ ಅಖಿಲ ಭಾರತೀಯ ಸಂತ ಸಮಿತಿ ಒಂದೇ ಕಡೆ ನಿಂತವು. ಬೇರೆ ವಿಷಯ ಬಂದರೆ ಎಣ್ಣೆ ಸೀಗೆಕಾಯಿ. ಶಾಂತಿ ಸಭೆ, ಭಾವೈಕ್ಯ ಸಮಾವೇಶ ಅಂತ ಸುಮ್ನೆ ದುಡ್ಡು ಹಾಳು ಮಾಡುವುದೇಕೆ? ಯಾರದೋ ಮದುವೆ ತಪ್ಪಿಸುವ ಕೆಲಸ ಕೊಟ್ಟರೆ ಸಾಕು, ಎಲ್ಲರೂ ಅಣ್ಣತಮ್ಮಂದಿರು.

ವಿರೋಧಿಸುವ ಹಿರಿಯರನ್ನು ನೀವೂ ನೋಡಿರುತ್ತೀರಿ. ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನಲ್ಲಿ ಕೂತಿರುತ್ತಾರೆ. ಮಾತು ಯಾವಾಗಲೂ ಒಂದೇ ದಾರಿಯಲ್ಲಿ ಹೋಗುತ್ತದೆ.

"ಅವರು ಮದುವೆಯಾದ್ರೆ ನಿಮಗೇನು ತೊಂದ್ರೆ ಸಾರ್?"

"ನನಗೇನಿಲ್ಲಪ್ಪಾ. ಸಮಾಜಕ್ಕೆ."

"ಸಮಾಜ ಅಂದ್ರೆ ಯಾರು?"

"ನಾವೇ."

ಆಮೇಲೆ "ಪ್ರಕೃತಿಗೆ ವಿರುದ್ಧ ಕಣಯ್ಯಾ" ಅಂತ ಬೈಪಾಸ್ ಆದ ಎದೆ ಮುಟ್ಟಿಕೊಂಡು ಹೇಳುತ್ತಾರೆ. ಅದೂ ನಿಲ್ಲದಿದ್ದರೆ "ಮದುವೆ ಇರೋದೇ ಮಕ್ಕಳಿಗೋಸ್ಕರ". ಅರವತ್ತೈದರ ಅವರ ಭಾವಮೈದ ಹೋದ ವರ್ಷ ಎರಡನೇ ಮದುವೆ ಆದಾಗ ಹೋಳಿಗೆ ಊಟ ಮಾಡಿ ಅಕ್ಷತೆ ಹಾಕಿ ಬಂದವರು ಇವರೇ. ಕೊನೆಯ ಅಸ್ತ್ರ, ಕುಟುಂಬ ವ್ಯವಸ್ಥೆ ಕುಸಿಯುತ್ತದೆ ಅನ್ನುವುದು. ನೆದರ್ಲೆಂಡ್ಸ್ 2001ರಲ್ಲೇ ಒಪ್ಪಿತು. ಥಾಯ್ಲೆಂಡ್ 2025ರ ಜನವರಿಯಿಂದ ರಿಜಿಸ್ಟರ್ ಮಾಡಿಕೊಳ್ಳುತ್ತಿದೆ. ಅಲ್ಲಿ ಗಂಡ-ಹೆಂಡತಿ ಜಗಳ ಮೊದಲಿನಷ್ಟೇ ಆರೋಗ್ಯವಾಗಿದೆ.

2023ರ ಅಕ್ಟೋಬರ್ 17ಕ್ಕೆ ತೀರ್ಪು ಬಂತು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಅಂತ ಐವರೂ ಹೇಳಿದರು. ಮದುವೆ ಅನ್ನದಿದ್ದರೂ ಜೋಡಿ ಅಂತಾದರೂ ಮಾನ್ಯತೆ ಕೊಡೋಣ ಅಂದವರು ಇಬ್ಬರೇ. ಅದರಲ್ಲಿ ಒಬ್ಬರು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಮೂವರು ಒಪ್ಪಲಿಲ್ಲ. ಮದುವೆ ಕಾನೂನು ಶಾಸಕಾಂಗದ ಕೆಲಸ ಅಂತಾಯಿತು. ಅಲ್ಲಿ ಯಾರಿಗೂ ಅವಸರ ಕಾಣಲಿಲ್ಲ. ಮರುಪರಿಶೀಲನಾ ಅರ್ಜಿಯೂ 2025ರ ಜನವರಿಯಲ್ಲಿ ವಜಾ ಆಯಿತು.

ಇಲ್ಲಿಗೆ ಮುಗಿದಿದ್ದರೆ ಇದು ಬರೀ ಬೇಸರದ ಕಥೆ. ಆದರೆ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿ ಮಾಡಿತು, 2024ರಲ್ಲಿ ಒಂದೊಂದೇ ಸೂಚನೆ ಹೊರಬಿತ್ತು. ಇಂಥ ಸಂಗಾತಿಗಳನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಮನೆಯವರೆಂದು ಲೆಕ್ಕ ಹಿಡಿಯಿರಿ ಎಂದು ಆಹಾರ ಇಲಾಖೆ ರಾಜ್ಯಗಳಿಗೆ ಹೇಳಿತು. ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು, ಅಡ್ಡಿಯಿಲ್ಲ ಎಂದಿತು ಹಣಕಾಸು ಸಚಿವಾಲಯ. ಹತ್ತಿರದ ಸಂಬಂಧಿಕರು ಸಿಗದಿದ್ದಾಗ ಶವವನ್ನು ಸಂಗಾತಿ ಪಡೆಯಬಹುದು, ಇದು ಆರೋಗ್ಯ ಸಚಿವಾಲಯದ್ದು.

ಅಂದರೆ ಅಕ್ಕಿ ತೂಗುವಾಗ ಅವರು ಒಂದು ಸಂಸಾರ. ದುಡ್ಡು ಇಡುವಾಗ ಜೊತೆಗಾರರು. ಸತ್ತ ಮೇಲೆ, ಬೇರೆ ಯಾರೂ ಬರದಿದ್ದರೆ, ಬಂಧುಗಳು. ನಡುವೆ ಉಸಿರಾಡುತ್ತಿರುವಷ್ಟು ದಿನ ಮಾತ್ರ ಯಾರಿಗೆ ಯಾರೋ ಎರವಿನ ಸಂಸಾರ.

ಆಪರೇಷನ್‌ಗೆ ಮೊದಲು ಆಸ್ಪತ್ರೆಯಲ್ಲಿ ಒಂದು ಫಾರಂ ಕೊಡುತ್ತಾರೆ. ಪೇಷಂಟ್ ಹೆಸರು, ವಯಸ್ಸು, ಅದರ ಕೆಳಗೆ "ಸಂಬಂಧ". ಅಲ್ಲಿಯವರೆಗೆ ಸರಸರ ಓಡಿದ ಪೆನ್ನು ಅಲ್ಲಿ ನಿಲ್ಲುತ್ತದೆ. ಕೊನೆಗೆ "ಫ್ರೆಂಡ್" ಅಂತ ಬರೆದರೆ ಸಿಸ್ಟರ್ ತಲೆಯೆತ್ತಿ, "ಮನೆಯವರು ಯಾರೂ ಬಂದಿಲ್ವಾ?" ಅನ್ನುತ್ತಾರೆ. ಹನ್ನೆರಡು ವರ್ಷದಿಂದ ಮಾತ್ರೆ ಪೊಟ್ಟಣದ ಹೆಸರು, ಹೊತ್ತು ಎಲ್ಲ ಬಾಯಿಪಾಠ ಇರುವವನು ಪಕ್ಕಕ್ಕೆ ಸರಿದು ನಿಲ್ಲಬೇಕು. ಮನೆಯಿಂದ ಬಟ್ಟೆ ಸಮೇತ ಆಚೆ ಹಾಕಿದ ಅಣ್ಣನಿಗೆ ಫೋನ್ ಹೋಗುತ್ತದೆ. ಅವನು ಬಂದು, ಪೇಷಂಟ್‌ಗೆ ಶುಗರ್ ಇದೆಯಾ ಅಂತ ಇವನನ್ನೇ ಕೇಳಿಕೊಂಡು, ಸೈನ್ ಹಾಕುತ್ತಾನೆ. ಕುಟುಂಬ ವ್ಯವಸ್ಥೆ ಉಳಿಯಿತು.

ನನಗಿರುವ ಗೊಂದಲ ಒಂದೇ. ಸಂಸ್ಕೃತಿ ಕಾಯುವವರು ಈ ರೇಷನ್ ಕಾರ್ಡಿನ ವಿಷಯದಲ್ಲಿ ಯಾಕೆ ಸುಮ್ಮನಿದ್ದಾರೆ? ಸರ್ಕಾರವೇ ಇಬ್ಬರು ಗಂಡಸರನ್ನು ಒಂದು ಮನೆ ಅಂತ ಒಪ್ಪಿ ಅಕ್ಕಿ ಕೊಡಿ ಅಂದಿದೆ. ನ್ಯಾಯಬೆಲೆ ಅಂಗಡಿ ಮುಂದೆ ಧರಣಿ ಕೂತವರನ್ನು ನಾನಂತೂ ನೋಡಿಲ್ಲ. ಬಹುಶಃ ಅಲ್ಲಿ ಕ್ಯೂ ಜಾಸ್ತಿ ಇರುತ್ತದೆ. ಬಿಸಿಲು ಬೇರೆ.