ಒಂದೇ ಜಿಎಡಿ ವರದಿ ನಂಬಿ ಇನ್ಸುಲಿನ್ ಶುರು ಮಾಡಬಹುದೇ?

ಪರ

ಮುಂಬಯಿ ಸುತ್ತಿನ ಮಾಟುಂಗ, ಮುಲುಂಡ್, ಡೊಂಬಿವಲಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಶುಗರ್ ಎಂದರೆ ಟೈಪ್ 2 ಎಂದೇ ಲೆಕ್ಕ. ಮೂವತ್ತರ ಸಣಕಲು ಹುಡುಗನಿಗೆ ಬಂದರೂ "ಅಪ್ಪನಿಗೂ ಇತ್ತಲ್ಲ" ಅಂದುಬಿಡುತ್ತೇವೆ. ಮಾತ್ರೆ ಒಂದಿದ್ದದ್ದು ಮೂರಾಗುತ್ತದೆ, ಪ್ಯಾಂಟು ಸಡಿಲವಾಗುತ್ತದೆ, ಮನೆಯವರು "ಪಥ್ಯ ಮಾಡಲ್ಲ ಇವನು" ಎಂದು ಬೈಯುತ್ತಾರೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಅವನ ದೇಹವೇ ಕೊಲ್ಲುತ್ತಿದ್ದರೆ ಪಥ್ಯ ಏನು ಮಾಡೀತು? ಆ ಬೈಗುಳ ಬರೀ ಅನ್ಯಾಯ. ಅದು ಟೈಪ್ 1. ದೇಹ ಹೀಗೆ ತನ್ನ ಕೋಶಗಳ ಮೇಲೇ ತಿರುಗಿಬಿದ್ದಿದೆ ಎಂಬುದಕ್ಕೆ ರಕ್ತದಲ್ಲಿ ಸಿಗುವ ಗುರುತೇ ಜಿಎಡಿ ಆಂಟಿಬಾಡಿ.

ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ 1997ರಲ್ಲೇ ಇದನ್ನು ತೋರಿಸಿತ್ತು. ಟೈಪ್ 2 ಎಂದು ಗುರುತಿಸಿದ್ದವರಲ್ಲಿ ಸುಮಾರು ಶೇ. 10 ಮಂದಿಗೆ ಜಿಎಡಿ ಆಂಟಿಬಾಡಿ ಇತ್ತು. 25ರಿಂದ 34 ವಯಸ್ಸಿನವರಲ್ಲಿ ಶೇ. 34. ಅಂಥವರಿಗೆ ಒಂದು ರಕ್ತಪರೀಕ್ಷೆಯಿಂದ ವರ್ಷಗಟ್ಟಲೆಯ ಒದ್ದಾಟ ತಪ್ಪುತ್ತದೆ. ವಯಸ್ಸು ಚಿಕ್ಕದು, ಮೈ ತೆಳು, ಮಾತ್ರೆ ನಾಟುತ್ತಿಲ್ಲ, ಮೇಲೆ ಜಿಎಡಿಯೂ ಜೋರಾಗಿದೆ ಎಂದಾದರೆ ಇನ್ನೇನು ಕಾಯುವುದು?

ವಿರೋಧ

ಆ ಹುಡುಗನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪರೀಕ್ಷೆ ಅವನೊಬ್ಬನಿಗೇ ನಿಲ್ಲುವುದಿಲ್ಲ. ಅರವತ್ತು ದಾಟಿದ, ಹೊಟ್ಟೆ ಬಂದ ಹೋಟೆಲ್ ಮಾಲೀಕರೂ ಸಮಾಧಾನಕ್ಕೆಂದು ಮಾಡಿಸುತ್ತಾರೆ. ತೊಡಕು ಇರುವುದು ಅಲ್ಲೇ.

ಬಹುತೇಕ ಲ್ಯಾಬ್‌ಗಳ ಕಟ್‌ಆಫ್ ನಿಗದಿಯಾಗುವುದು ನೂರು ಆರೋಗ್ಯವಂತರಲ್ಲಿ ಸುಮಾರು ಒಬ್ಬರು ಪಾಸಿಟಿವ್ ಬರುವ ಮಟ್ಟದಲ್ಲಿ. ನಿಜವಾದ ಟೈಪ್ 2 ಇರುವ 1000 ಜನರನ್ನು ಪರೀಕ್ಷಿಸಿದರೆ ಹತ್ತು ಮಂದಿಗೆ ಸುಳ್ಳು ಪಾಸಿಟಿವ್. ಕಟ್‌ಆಫ್‌ಗಿಂತ ಒಂದೆರಡು ಯೂನಿಟ್ ಮೇಲಿದ್ದರೂ ವರದಿಯಲ್ಲಿ ದಪ್ಪಕ್ಷರ ಬೀಳುತ್ತದೆ, ಮನೆಮಂದಿಯ ನಿದ್ದೆ ಹಾರುತ್ತದೆ. ಕಿಟ್ ಬದಲಾದರೆ ಅಂಕಿಯೂ ಬದಲು: ದಾದರಿನ ಪಾಸಿಟಿವ್ ಅಂಧೇರಿಯಲ್ಲಿ ನೆಗೆಟಿವ್ ಆಗಬಹುದು. ಬೇಡದ ಇನ್ಸುಲಿನ್ನಿನಿಂದ ಶುಗರ್ ಕುಸಿದು, ನಸುಕಿನಲ್ಲೇ ಒಲೆ ಮುಂದೆ ನಿಲ್ಲುವವನು ಬಿದ್ದರೆ ಯಾರು ಹೊಣೆ?

ನೆಗೆಟಿವ್ ಬಂದರೂ ನಿಶ್ಚಿಂತೆಯಿಲ್ಲ. ಟೈಪ್ 1 ಇರುವ ಯುರೋಪಿಯನ್ನರಲ್ಲೇ ಶೇ. 5ರಿಂದ 10 ಮಂದಿಯಲ್ಲಿ ಆಂಟಿಬಾಡಿ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಮೇದೋಜ್ಜೀರಕದಲ್ಲಿ ಕಲ್ಲು ಕಟ್ಟಿ ಬರುವ ಮಧುಮೇಹವೂ ಉಂಟು. ಅಲ್ಲಿ ಸಾಮಾನ್ಯವಾಗಿ ಜಿಎಡಿ ನೆಗೆಟಿವ್, ಆದರೂ ಅನೇಕರಿಗೆ ಇನ್ಸುಲಿನ್ ಬೇಕೇ ಬೇಕು. ಅದನ್ನು ಹಿಡಿಯುವುದು ಹೊಟ್ಟೆಯ ಸ್ಕ್ಯಾನ್. ಇಂಥದ್ದೇ ಇನ್ನೊಂದು ಗುರುತಾದ ಇನ್ಸುಲಿನ್ ಆಂಟಿಬಾಡಿಯಂತೂ ಚುಚ್ಚುಮದ್ದು ಶುರುವಾಗಿ ಕೆಲವು ವಾರಗಳಾದ ಮೇಲೆ ನಂಬುವಂಥದ್ದೇ ಅಲ್ಲ. ಹೊರಗಿನಿಂದ ಹೋದ ಇನ್ಸುಲಿನ್ನಿಗೂ ದೇಹ ಆಂಟಿಬಾಡಿ ಹುಟ್ಟಿಸುತ್ತದೆ.

ಹೀಗಾಗಿ ಅನುಮಾನಕ್ಕೆ ಕಾರಣವೇ ಇಲ್ಲದವರಲ್ಲಿ ಜಿಎಡಿ ಒಂದೇ ಪಾಸಿಟಿವ್ ಬಂದರೆ ಟೈಪ್ 1ರ ಇನ್ನೆರಡು ಗುರುತುಗಳಾದ ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಆಂಟಿಬಾಡಿಗಳನ್ನೂ ನೋಡಿಸಿ. ಎರಡು ಒಟ್ಟಿಗೆ ಪಾಸಿಟಿವ್ ಬಂದರೆ ಅದು ಸುಳ್ಳಾಗುವುದು ತೀರಾ ಅಪರೂಪ. ರೋಗ ಶುರುವಾಗಿ ಮೂರು ವರ್ಷ ದಾಟಿದ್ದರೆ ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಪರೀಕ್ಷೆ ಹೆಚ್ಚು ಹೇಳುತ್ತದೆ. ಮೂತ್ರದಲ್ಲೋ ರಕ್ತದಲ್ಲೋ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಕರಗಿದಾಗ ಹುಟ್ಟುವ ವಸ್ತು) ಏರಿ, ವಾಂತಿ, ಸುಸ್ತು ಕಂಡವರು ಮಾತ್ರ ಯಾವ ಆಂಟಿಬಾಡಿ ವರದಿಗೂ ಕಾಯಬಾರದು. ಅವರು ಆ ಕೂಡಲೇ ಆಸ್ಪತ್ರೆ ಸೇರಬೇಕು.